ಸೊನ್ನೆಯ ಆಚೆಗಿನ ಲೈನು: ಕಚೇರಿ ದೂರವಾಣಿ, ಅಂತರಜಾಲ ಮತ್ತು ವೃತ್ತಿ ಜಾನಪದ

ಜಾನಪದವೆಂದರೆ ಹಳ್ಳಿಗೆ ಸೇರಿದ್ದು, ಹಳೆಯದು, ಓದುಬರಹ ತಿಳಿಯದವರ ನಡುವೆ ಬಾಯಿಂದ ಬಾಯಿಗೆ ಹರಿದುಬಂದದ್ದು ಎಂಬ ತಿಳಿವಳಿಕೆ ಕನ್ನಡದ ಜಾನಪದ ಅಧ್ಯಯನದಲ್ಲಿ ಬಹುಕಾಲ ಬೇರೂರಿತ್ತು. ಈ ತಿಳಿವಳಿಕೆಯನ್ನು ಪ್ರಶ್ನಿಸಿದವರಲ್ಲಿ ಜರ್ಮನಿಯ ಹರ್ಮನ್ ಬೌಸಿಂಗರ್ ಪ್ರಮುಖರು. ತಂತ್ರಜ್ಞಾನವು ಜನಪದ ಸಂಸ್ಕೃತಿಯನ್ನು ಒರೆಸಿಹಾಕುವುದಿಲ್ಲ, ಬದಲಿಗೆ ಅದು ಜನರ ದಿನಬಳಕೆಯೊಳಗೆ ಸಹಜ ವಸ್ತುವಾಗಿ ಸೇರಿಹೋಗುತ್ತದೆ ಎಂಬ ವಾದವನ್ನು ಅವರು ೧೯೬೧ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಮಂಡಿಸಿದರು. ಅಮೆರಿಕದ ಅಲನ್ ಡಂಡಸ್ ಅವರು ಕಾರ್ಲ್ ಪ್ಯಾಗ್ಟರ್ ಅವರೊಡನೆ ೧೯೭೫ರಲ್ಲಿ ಹೊರತಂದ ಸಂಗ್ರಹವು ಕಚೇರಿಗಳಲ್ಲಿ ನಕಲುಯಂತ್ರದ ಮೂಲಕ ಕೈಯಿಂದ ಕೈಗೆ ಹರಿದಾಡುವ ಹಾಸ್ಯಚಿತ್ರ, ಅಣಕುಪತ್ರ, ಸುಳ್ಳು ಸುತ್ತೋಲೆಗಳನ್ನು ಜಾನಪದವೆಂದೇ ಪರಿಗಣಿಸಿತು. ಹೀಗೆ ಗುಮಾಸ್ತರ ಮೇಜು ಕೂಡ ಕ್ಷೇತ್ರಕಾರ್ಯದ ನೆಲವಾಯಿತು.

ಕನ್ನಡದಲ್ಲಿ ಕುಂಬಾರ, ಕಮ್ಮಾರ, ಗಾಣಿಗ, ನೇಕಾರರ ವೃತ್ತಿ ಪದಗಳನ್ನು ಸಂಗ್ರಹಿಸುವ ಕೆಲಸ ಗಣನೀಯವಾಗಿ ನಡೆದಿದೆ. ಕಚೇರಿ ನೌಕರರ ವೃತ್ತಿ ಜಾನಪದಕ್ಕೆ ಅಂಥ ಭಾಗ್ಯ ದೊರೆತಿಲ್ಲ. ೧೯೯೦ರ ದಶಕದ ಉತ್ತರಾರ್ಧದಿಂದ ಸುಮಾರು ಹತ್ತು ವರ್ಷಗಳ ಕಾಲ ಕರ್ನಾಟಕದ ಸಾಮಾನ್ಯ ಕಚೇರಿಗಳು ತಮ್ಮ ಗಣಕಗಳನ್ನು ದೂರವಾಣಿ ವ್ಯವಸ್ಥೆಯ ಮೂಲಕವೇ ಅಂತರಜಾಲಕ್ಕೆ ಜೋಡಿಸಿಕೊಂಡವು. ಆ ಜೋಡಣೆಯ ತಾಂತ್ರಿಕ ಸ್ವರೂಪ ಹೇಗಿತ್ತು, ಅದರ ಸುತ್ತ ಯಾವ ಬಗೆಯ ತಿಳಿವಳಿಕೆ ಬೆಳೆಯಿತು, ಆ ತಿಳಿವಳಿಕೆ ಏಕೆ ದಾಖಲಾಗದೆ ಹೋಯಿತು ಎಂಬುದನ್ನು ಇಲ್ಲಿ ಪರಿಶೀಲಿಸಲಾಗಿದೆ. ತಂತ್ರದ ವಿವರಗಳಿಲ್ಲದೆ ಈ ಜಾನಪದ ಅರ್ಥವಾಗದು. ಗಾಣದ ಭಾಗಗಳ ಹೆಸರು ತಿಳಿಯದೆ ಗಾಣದ ಹಾಡನ್ನು ವಿವರಿಸಲು ಹೊರಟಂತಾಗುತ್ತದೆ.

ದೂರವಾಣಿಯ ಚರಿತ್ರೆಯಲ್ಲಿ 'ಲೈನ್ ಕೊಡುವವರು' ಯಾರು ಎಂಬುದು ಮೊದಲಿನಿಂದಲೂ ಅಧಿಕಾರದ ಪ್ರಶ್ನೆಯೇ ಆಗಿತ್ತು. ಸ್ವಯಂಚಾಲಿತ ವಿನಿಮಯ ಕೇಂದ್ರಕ್ಕೆ ೧೮೯೧ರಲ್ಲಿ ಪೇಟೆಂಟ್ ಪಡೆದ ಅಮೆರಿಕದ ಆಲ್ಮನ್ ಸ್ಟ್ರೌಜರ್ ಶವಸಂಸ್ಕಾರದ ವ್ಯಾಪಾರದವನು. ಊರಿನ ದೂರವಾಣಿ ನಿರ್ವಾಹಕಿ ಅವನ ಪ್ರತಿಸ್ಪರ್ಧಿಯ ಹೆಂಡತಿಯೆಂದೂ, ಸಾವಿನ ಮನೆಯಿಂದ ಅವನಿಗೆ ಬರುತ್ತಿದ್ದ ಕರೆಗಳನ್ನೆಲ್ಲ ಆಕೆ ತನ್ನ ಗಂಡನ ಕಡೆಗೆ ತಿರುಗಿಸುತ್ತಿದ್ದಳೆಂದೂ, ಆ ಸಿಟ್ಟಿನಿಂದಲೇ ಅವನು ಮನುಷ್ಯರ ಕೈ ಸೋಕದ ಯಂತ್ರವನ್ನು ಕಂಡುಹಿಡಿದನೆಂದೂ ಒಂದು ಐತಿಹ್ಯವಿದೆ. ಇದನ್ನು ಹೇಳುವವರು ಹೇಳಿದಂತೆಲ್ಲ ನಿರ್ವಾಹಕಿಯು ಹೆಂಡತಿಯೋ ಸೋದರಸಂಬಂಧಿಯೋ ಆಗುತ್ತಾಳೆ. ಪಾಠಾಂತರಗಳಿರುವುದೇ ಅದು ಜನರ ಕಥೆಯೆಂಬುದಕ್ಕೆ ಸಾಕ್ಷಿ. ಸ್ಟ್ರೌಜರ್ ಮಾದರಿಯ ಯಂತ್ರಗಳೇ ಮುಂದೆ ೧೯೪೮ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಭಾರತೀಯ ದೂರವಾಣಿ ಕಾರ್ಖಾನೆಯಲ್ಲಿ ತಯಾರಾಗಿ ದೇಶದ ಊರೂರುಗಳನ್ನು ತಲುಪಿದವು. ಆ ಕಾರ್ಖಾನೆಯ ಸುತ್ತ ಬೆಳೆದ ಬಡಾವಣೆ ದೂರವಾಣಿನಗರವೆಂಬ ಹೆಸರನ್ನೇ ಪಡೆಯಿತು.

ವಿನಿಮಯ ಕೇಂದ್ರದ ಸಣ್ಣ ರೂಪವೊಂದು ಕಚೇರಿಯೊಳಗೆ ಬಂದಾಗ ಅದು ಇಪಿಎಬಿಎಕ್ಸ್ ಎನಿಸಿಕೊಂಡಿತು. ಹೊರಗಿನಿಂದ ಬರುವ ನಾಲ್ಕೋ ಎಂಟೋ ಲೈನುಗಳನ್ನು ಒಳಗಿನ ಹತ್ತಾರು ಎಕ್ಸ್‌ಟೆನ್ಷನ್‌ಗಳಿಗೆ ಹಂಚುವುದು ಇದರ ಕೆಲಸ. ೧೯೮೪ರಲ್ಲಿ ಸ್ಥಾಪನೆಯಾದ ಸಿ-ಡಾಟ್ ಸಂಸ್ಥೆ ರೂಪಿಸಿದ ೧೨೮ ದ್ವಾರಗಳ ವಿನ್ಯಾಸವು ಕಚೇರಿಯ ವಿನಿಮಯ ಯಂತ್ರಕ್ಕೂ ಗ್ರಾಮೀಣ ವಿನಿಮಯ ಕೇಂದ್ರಕ್ಕೂ ಬಳಕೆಯಾಯಿತು. ಅಂಥ ಗ್ರಾಮೀಣ ಕೇಂದ್ರವು ಮೊದಲು ಸ್ಥಾಪನೆಯಾದದ್ದು ೧೯೮೬ರಲ್ಲಿ, ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ. ಕಚೇರಿಯಲ್ಲಿ ಸಾಹೇಬರಿಗೆ ಡೈರೆಕ್ಟ್ ಲೈನು, ಶಾಖಾಧಿಕಾರಿಗಳಿಗೆ ಜೀರೋ ಡಯಲಿಂಗ್ ಇರುವ ಎಕ್ಸ್‌ಟೆನ್ಷನ್, ಗುಮಾಸ್ತರಿಗೆ ಒಳಗಿನ ಕರೆಗಷ್ಟೇ ಬರುವ ಇಂಟರ್‌ಕಾಂ ಎಂಬ ಶ್ರೇಣಿ ಯಂತ್ರದ ನೆನಪಿನಲ್ಲೇ ಬರೆದಿರುತ್ತಿತ್ತು. ಸೊನ್ನೆ ಒತ್ತಿದರೆ ಹೊರಗಿನ ಲೈನು ಸಿಗುವುದೋ ಇಲ್ಲವೋ ಎಂಬುದರಿಂದಲೇ ನೌಕರನ ಸ್ಥಾನಮಾನ ತಿಳಿಯುತ್ತಿತ್ತು. ಊರಿನ ಹೊಳೆಯಲ್ಲಿ ಯಾರು ಎಲ್ಲಿ ನೀರು ತುಂಬಬೇಕೆಂಬ ಕಟ್ಟಳೆಯನ್ನು ಬಲ್ಲ ಓದುಗರಿಗೆ ಇದು ಅಪರಿಚಿತವೆನಿಸದು.

ಕಟ್ಟಳೆಯಿದ್ದಲ್ಲಿ ಅದನ್ನು ದಾಟುವ ಉಪಾಯವೂ ಇರುತ್ತದೆ. ಹಳೆಯ ಕಪ್ಪು ದೂರವಾಣಿಯ ತಿರುಗುಫಲಕಕ್ಕೆ ಸಣ್ಣ ಬೀಗ ಹಾಕಿಡುವ ಪದ್ಧತಿಯಿತ್ತು. ಆದರೆ ಫಲಕವು ಮಾಡುತ್ತಿದ್ದ ಕೆಲಸವೆಂದರೆ ವಿದ್ಯುತ್ ಮಾರ್ಗವನ್ನು ಕ್ಷಣಮಾತ್ರ ಕಡಿದು ಮತ್ತೆ ಕೂಡಿಸುವುದು. ಮೂರಕ್ಕೆ ಮೂರು ಸಲ, ಏಳಕ್ಕೆ ಏಳು ಸಲ. ರಿಸೀವರ್ ಇಡುವ ಗುಂಡಿಯನ್ನು ಅದೇ ಲಯದಲ್ಲಿ ತಟ್ಟಿದರೂ ಅದೇ ಪರಿಣಾಮ. ಹೀಗಾಗಿ ಬೀಗ ಬಿದ್ದ ಫೋನಿನಿಂದಲೂ 'ತಟ್ಟಿ' ಮಾತಾಡುವ ವಿದ್ಯೆ ಕಚೇರಿಗಳಲ್ಲಿ ಒಬ್ಬರಿಂದೊಬ್ಬರಿಗೆ ಹರಡಿತು. ಇದರಲ್ಲಿ ಸೊನ್ನೆಗೆ ಹತ್ತು ಸಲ ತಟ್ಟಬೇಕು. ಗಣಿತದಲ್ಲಿ ಏನೂ ಇಲ್ಲದ ಸೊನ್ನೆ ತಂತಿಯ ಮೇಲೆ ಎಲ್ಲ ಅಂಕಿಗಳಿಗಿಂತ ದೊಡ್ಡದಾಗಿತ್ತೆಂಬುದು, ಅದನ್ನು ಬೆರಳಿನಿಂದ ಎಣಿಸಿದವರಿಗಷ್ಟೇ ತಿಳಿದಿದ್ದ ಸಂಗತಿ.

ಅಂತರಜಾಲವು ಬಂದು ಸೇರಿದ್ದು ಇಂಥ ವ್ಯವಸ್ಥೆಯೊಳಗೆ. ೧೯೮೬ರಲ್ಲಿ ಆರಂಭವಾದ ಅರ್ನೆಟ್ ಯೋಜನೆಯ ಎಂಟು ಸಂಸ್ಥೆಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಒಂದಾಗಿತ್ತು. ೧೯೮೫ರಲ್ಲಿ ಬೆಂಗಳೂರಿಗೆ ಬಂದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನಂಥ ಕಂಪನಿಗಳಿಗೆ ಉಪಗ್ರಹ ಸಂಪರ್ಕವಿತ್ತು. ಸಾಮಾನ್ಯ ಕಚೇರಿಗೆ ಇವೆರಡೂ ಎಟಕುವಂತಿರಲಿಲ್ಲ. ೧೯೯೫ರ ಆಗಸ್ಟ್ ೧೫ರಂದು ವಿದೇಶ ಸಂಚಾರ ನಿಗಮವು ಸಾರ್ವಜನಿಕರಿಗೆ ಅಂತರಜಾಲ ಸೇವೆಯನ್ನು ಆರಂಭಿಸಿದ ಮೇಲೆ, ಖಾತೆಯೊಂದನ್ನು ಪಡೆದು ಮೋಡೆಂ ಕೊಂಡು ಇರುವ ದೂರವಾಣಿಗೇ ಸಿಕ್ಕಿಸುವುದು ಅವುಗಳಿಗೆ ಉಳಿದ ದಾರಿಯಾಯಿತು. ೧೯೯೮ರ ನವೆಂಬರಿನಲ್ಲಿ ಖಾಸಗಿ ಸೇವಾದಾತರಿಗೆ ಅವಕಾಶ ದೊರೆತ ನಂತರ ಈ ದಾರಿಯಲ್ಲಿ ಜನಸಂಚಾರ ಹೆಚ್ಚಿತು.

ದೂರವಾಣಿಯ ತಂತಿ ಮನುಷ್ಯರ ದನಿಗೆಂದು ಅಳವಟ್ಟದ್ದು. ಸೆಕೆಂಡಿಗೆ ಸುಮಾರು ೩೦೦ರಿಂದ ೩,೪೦೦ ಕಂಪನಗಳವರೆಗಿನ ದನಿಯನ್ನಷ್ಟೇ ಅದು ಸಾಗಿಸುತ್ತದೆ. ಮಾತು ತಿಳಿಯಲು ಅಷ್ಟು ಸಾಕು. ಗಣಕದ ಭಾಷೆಯಾದರೋ ಸೊನ್ನೆ ಮತ್ತು ಒಂದು. ಈ ಸೊನ್ನೆ ಒಂದುಗಳನ್ನು ತಂತಿಗೆ ಒಪ್ಪುವ ದನಿಯಾಗಿ ಮಾರ್ಪಡಿಸಿ ಕಳುಹಿಸುವುದು, ಆಚೆಯಿಂದ ಬಂದ ದನಿಯನ್ನು ಮತ್ತೆ ಅಂಕಿಗಳಾಗಿ ಬಿಡಿಸುವುದು ಮೋಡೆಂನ ಕೆಲಸ. ಅಂದರೆ ಗಣಕವು ಮನುಷ್ಯರ ವೇಷ ತೊಟ್ಟು ಫೋನಿನಲ್ಲಿ ಮಾತಾಡುತ್ತಿತ್ತು. ಆರಂಭದ ವರ್ಷಗಳ ೯.೬ ಕಿಲೋಬಿಟ್ ವೇಗ ೧೯೯೬ರ ವೇಳೆಗೆ ೩೩.೬ಕ್ಕೂ, ೧೯೯೮ರಲ್ಲಿ ಬಂದ ವಿ.೯೦ ಮಾನಕದಿಂದ ೫೬ಕ್ಕೂ ಏರಿತು. ಏರಿದ್ದು ಮೋಡೆಂನ ಡಬ್ಬಿಯ ಮೇಲೆ. ಕಚೇರಿಯ ಎಕ್ಸ್‌ಟೆನ್ಷನ್ನಿನಲ್ಲಿ ಅಲ್ಲ.

ಈ ವ್ಯತ್ಯಾಸಕ್ಕೆ ಕಾರಣ ಸ್ವಾರಸ್ಯಕರವಾಗಿದೆ. ೫೬ರ ವೇಗ ಸಿಗಬೇಕಾದರೆ ದನಿಯು ಅಂಕಿಯಾಗಿ, ಅಂಕಿ ದನಿಯಾಗಿ ಬದಲಾಗುವ ಕ್ರಿಯೆ ದಾರಿಯಲ್ಲಿ ಒಂದೇ ಕಡೆ ನಡೆಯಬೇಕು. ಕಚೇರಿಯ ಇಪಿಎಬಿಎಕ್ಸ್ ನಡುವೆ ಬಂದೊಡನೆ ಅದು ತನ್ನ ಪಾಲಿಗೆ ಇನ್ನೊಮ್ಮೆ ಈ ಮಾರ್ಪಾಡನ್ನು ಮಾಡುತ್ತದೆ, ಸಂಪರ್ಕ ೩೩.೬ಕ್ಕೋ ಅದಕ್ಕೂ ಕೆಳಕ್ಕೋ ಇಳಿಯುತ್ತದೆ. ಅಧಿಕಾರಿಯ ಕೋಣೆಯ ಡೈರೆಕ್ಟ್ ಲೈನಿನಲ್ಲಿ ಚುರುಕಾಗಿದ್ದ ಅದೇ ಮೋಡೆಂ ಗುಮಾಸ್ತರ ಹಜಾರದ ಎಕ್ಸ್‌ಟೆನ್ಷನ್ನಿಗೆ ಬಂದೊಡನೆ ಮಂಕಾಗುತ್ತಿದ್ದುದು ಇದರಿಂದ. ಮೋಡೆಂ ಕೆಟ್ಟಿದೆಯೆಂದು ಅಂಗಡಿಗೆ ಒಯ್ದು, ಅಲ್ಲಿ ಸರಿಯಾಗಿ ನಡೆದದ್ದನ್ನು ಕಂಡು, ಮರಳಿ ತಂದವರು ಯಂತ್ರಕ್ಕೂ ಮೇಲು ಕೀಳು ಗೊತ್ತೆಂದು ನಗೆಯಾಡಿದ್ದರೆ ಆ ನಗೆಯಲ್ಲಿ ತಾಂತ್ರಿಕ ಸತ್ಯವೇ ಇತ್ತು. ಹತ್ತು ಲಕ್ಷ ಅಕ್ಷರಗಳಷ್ಟು ಗಾತ್ರದ ಒಂದು ಕಡತ ೩೩.೬ರ ವೇಗದಲ್ಲಿ ಬರಲು, ಯಾವ ಅಡ್ಡಿಯೂ ಇಲ್ಲದಿದ್ದರೆ, ನಾಲ್ಕು ನಿಮಿಷ ಬೇಕು. ಅಡ್ಡಿಯಿಲ್ಲದ ನಾಲ್ಕು ನಿಮಿಷ ಕಚೇರಿಯಲ್ಲಿ ದುರ್ಲಭ. ಕನ್ನಡದ ಪತ್ರವಾದರೆ ಇನ್ನೊಂದು ತೊಡಕು: ಯುನಿಕೋಡ್ ಬಳಕೆಗೆ ಬರುವ ಮೊದಲು ಒಂದೊಂದು ತಂತ್ರಾಂಶದ ಅಕ್ಷರಸಂಕೇತ ಒಂದೊಂದು ಬಗೆಯಾದ್ದರಿಂದ ಪತ್ರದ ಜೊತೆಗೆ ಅದರ ಫಾಂಟನ್ನೂ ಕಳುಹಿಸಬೇಕಾಗುತ್ತಿತ್ತು. ಊಟಕ್ಕೆ ಕರೆದವರ ಮನೆಗೆ ಎಲೆಯನ್ನೂ ಒಯ್ದಂತೆ.

ಮೋಡೆಂಗೆ ಹೊರಲೈನು ಹಿಡಿಯಲು ಕಲಿಸುವುದೇ ಮೊದಲ ಪಾಠ. ೧೯೮೧ರಲ್ಲಿ ಹೇಯ್ಸ್ ಕಂಪನಿಯ ಮೋಡೆಂನೊಂದಿಗೆ ಬಂದ ಆಜ್ಞಾಭಾಷೆಯೇ ಮುಂದೆ ಎಲ್ಲ ಕಡೆ ರೂಢಿಯಾಯಿತು. ಎಟಿಡಿಟಿ ಎಂದರೆ ಟೋನಿನಲ್ಲಿ ಡಯಲ್ ಮಾಡು; ಎಟಿಡಿಪಿ ಎಂದರೆ ಹಳೆಯ ಕೇಂದ್ರಗಳಿಗೆ ಒಗ್ಗುವ ಪಲ್ಸ್‌ನಲ್ಲಿ ಡಯಲ್ ಮಾಡು. ಸಂಖ್ಯೆಯ ಮೊದಲು ಸೊನ್ನೆ, ಸೊನ್ನೆಯ ನಂತರ ಒಂದು ಅಲ್ಪವಿರಾಮ. ಆ ಅಲ್ಪವಿರಾಮಕ್ಕೆ ಸಾಮಾನ್ಯವಾಗಿ ಎರಡು ಸೆಕೆಂಡಿನ ಬೆಲೆ. ಸೊನ್ನೆ ಒತ್ತಿದ ಮೇಲೆ ಇಪಿಎಬಿಎಕ್ಸ್ ಹೊರಲೈನು ಹುಡುಕಿಕೊಡುವಷ್ಟು ಹೊತ್ತು ಮೋಡೆಂ ಕಾಯಬೇಕಲ್ಲವೇ? ಯಂತ್ರ ನಿಧಾನದ್ದಾದರೆ ಎರಡು ಅಲ್ಪವಿರಾಮ, ಮೂರು ಅಲ್ಪವಿರಾಮ. ವ್ಯಾಕರಣದಲ್ಲಿ ಉಸಿರು ತೆಗೆದುಕೊಳ್ಳಲು ಹಾಕುವ ಚಿಹ್ನೆಯನ್ನು ಇಲ್ಲಿಯೂ ಉಸಿರಿಗೇ ಬಳಸಲಾಗಿತ್ತು. ಅಷ್ಟಾದರೂ ಕೆಲವೊಮ್ಮೆ 'ಡಯಲ್ ಟೋನ್ ಇಲ್ಲ' ಎಂದು ಪರದೆಯ ಮೇಲೆ ಬರುತ್ತಿತ್ತು. ಟೋನು ಇದ್ದೇ ಇರುತ್ತಿತ್ತು. ಇಪಿಎಬಿಎಕ್ಸ್‌ನ ಒಳಟೋನಿನ ಲಯ ಬೇರೆಯಾದ್ದರಿಂದ ಮೋಡೆಂಗೆ ಅದರ ಗುರುತು ಹತ್ತುತ್ತಿರಲಿಲ್ಲ. ಟೋನಿಗೆ ಕಾಯಬೇಡವೆಂದು ಹೇಳುವ ಎಕ್ಸ್೩ ಎಂಬ ಆಜ್ಞೆಯನ್ನು ಸೇರಿಸಿದರೆ ಕೆಲಸ ನಡೆಯುತ್ತಿತ್ತು. ಕೈಪಿಡಿಗಳಲ್ಲಿ ಇದು ಇರಲಿಲ್ಲವೆಂದಲ್ಲ. ಆದರೆ ಇಂಗ್ಲಿಷಿನ ಕೈಪಿಡಿ ಬೀರುವಿನಲ್ಲಿ ಬೀಗದೊಳಗಿರುತ್ತಿತ್ತು, ತಿಳಿವಳಿಕೆ ಒಬ್ಬ ನೌಕರನ ನಾಲಿಗೆಯ ಮೇಲಿರುತ್ತಿತ್ತು. ಗಣಕದ ಪಕ್ಕದ ಗೋಡೆಗೆ ಅಂಟಿಸಿದ ಚೀಟಿಯಲ್ಲಿ ಸೊನ್ನೆ, ಅಲ್ಪವಿರಾಮ, ಸಂಖ್ಯೆ ಇಷ್ಟೇ ಬರೆದಿದ್ದು, ಏಕೆ ಹಾಗೆ ಎಂಬುದು ಕಾಲಕ್ರಮದಲ್ಲಿ ಮರೆತು, ಸೂತ್ರವೊಂದೇ ಉಳಿಯುವುದು ಸಾಮಾನ್ಯವಾಗಿತ್ತು. ಮಂತ್ರಗಳ ಅಧ್ಯಯನ ಮಾಡಿದವರು ಬಲ್ಲ ಸ್ಥಿತಿಯಿದು.

ಆಮೇಲೆ ಕಿವಿಯ ವಿದ್ಯೆ. ಕರೆ ಕೂಡಿದೊಡನೆ ಆಚೆಯ ಮೋಡೆಂ ೨,೧೦೦ ಕಂಪನಗಳ ಒಂದು ನೀಳ ಕೂಗನ್ನು ಹಾಕುತ್ತದೆ. ದೂರದ ಕರೆಗಳಲ್ಲಿ ಮಾರ್ದನಿಯನ್ನು ತಡೆಯಲು ಅಳವಡಿಸಿರುವ ಸಾಧನಗಳನ್ನು ಬದಿಗೆ ಸರಿಸುವುದು ಈ ಕೂಗಿನ ಉದ್ದೇಶ. ನಂತರ ಎರಡೂ ಯಂತ್ರಗಳು ಲೈನಿನ ಗುಣವನ್ನು ಅಳೆದು, ಯಾವ ವೇಗ ತಾಳೀತೆಂದು ಒಪ್ಪಂದಕ್ಕೆ ಬರುತ್ತವೆ. ಕೊನೆಗೆ ಬೋರೆಂಬ ಸದ್ದು, ಅದರ ಹಿಂದೆಯೇ ಮೌನ. ಸಂಪರ್ಕ ಕೂಡುವವರೆಗೆ ಈ ಸದ್ದು ಮೋಡೆಂನ ಸಣ್ಣ ಸ್ಪೀಕರಿನಿಂದ ಕೋಣೆಗೆಲ್ಲ ಕೇಳುತ್ತಿತ್ತು. ದಿನವೂ ಕೇಳಿದವರು ಪರದೆ ನೋಡದೆಯೇ ಫಲವನ್ನು ಹೇಳಬಲ್ಲವರಾಗಿದ್ದರು: ಲೈನ್ ಎಂಗೇಜು, ಹತ್ತಿತು, ಹತ್ತಿದರೂ ನಿಲ್ಲುವುದಿಲ್ಲ. ಸಂತೆಯಲ್ಲಿ ಮಡಕೆಯನ್ನು ಬೆರಳಿನಿಂದ ಬಡಿದು ಬಿರುಕಿದೆಯೇ ಎಂದು ತಿಳಿಯುವುದು, ತೆಂಗಿನಕಾಯಿಯನ್ನು ತಟ್ಟಿ ಬಲಿತದ್ದನ್ನು ಆರಿಸುವುದು ಯಾವ ಬಗೆಯ ಜ್ಞಾನವೋ ಇದೂ ಅದೇ ಬಗೆಯದು. ಬರವಣಿಗೆಗೆ ಒಗ್ಗದ, ಅಭ್ಯಾಸದಿಂದಷ್ಟೇ ಬರುವ, ಕೆಲಸ ನಿಂತೊಡನೆ ಇಲ್ಲವಾಗುವ ಜ್ಞಾನ. ಸದ್ದನ್ನೇ ಆಫ್ ಮಾಡುವ ಆಜ್ಞೆಯೂ ಇತ್ತು. ಸದ್ದು ಅಡಗಿಸಿದ ಕಚೇರಿಗಳಲ್ಲಿ ಈ ವಿದ್ಯೆ ಬೆಳೆಯಲು ಆಸ್ಪದವೇ ಇರಲಿಲ್ಲ.

ಮಳೆಗಾಲ ಈ ವ್ಯವಸ್ಥೆಯ ಶತ್ರು. ಕೇಬಲ್ಲಿನ ಕೀಲುಗಳಿಗೆ ನೀರಿಳಿದರೆ ಲೈನಿನಲ್ಲಿ ಗೊರಗೊರ ಸದ್ದು ಹುಟ್ಟುತ್ತದೆ. ಮನುಷ್ಯರು ದನಿಯೇರಿಸಿ ಮಾತಾಡಿಕೊಂಡಾರು, ಮೋಡೆಂ ಮಾತ್ರ ವೇಗ ಇಳಿಸುತ್ತಾ ಹೋಗಿ ಕೊನೆಗೆ ಕೈಬಿಡುತ್ತದೆ. ಮುಂಗಾರಿನ ಮುಂಚಿನ ಗುಡುಗು ಸಿಡಿಲಿಗೆ ತಂತಿಯ ಮೂಲಕ ಬಂದ ವಿದ್ಯುತ್ ಆಘಾತ ಮೋಡೆಂಗಳನ್ನು ಸುಟ್ಟುಹಾಕುತ್ತಿತ್ತು. ಮೋಡ ಕವಿದೊಡನೆ ಗಣಕದ ಸ್ವಿಚ್ಚಿಗೂ ಮೊದಲು ಫೋನಿನ ವೈರನ್ನು ಕಿತ್ತಿಡುವುದು ಮಲೆನಾಡು ಕರಾವಳಿಗಳಲ್ಲಿ ಒಣಗಲು ಹಾಕಿದ ಅಡಿಕೆಯನ್ನು ಒಳಗೆಳೆದುಕೊಳ್ಳುವಷ್ಟೇ ಸಹಜವಾದ ರೂಢಿಯಾಗಿತ್ತು. ಆಯುಧಪೂಜೆಯ ದಿನ ಬೆರಳಚ್ಚು ಯಂತ್ರದ ಸಾಲಿನಲ್ಲೇ ಗಣಕಕ್ಕೂ ಕುಂಕುಮ, ಚೆಂಡುಹೂ ಸಲ್ಲುತ್ತಿದ್ದವು. ತಂತ್ರಜ್ಞಾನ ಸಹಜ ವಸ್ತುವಾಗುತ್ತದೆಂಬ ಬೌಸಿಂಗರ್ ಅವರ ಮಾತಿಗೆ ಇದಕ್ಕಿಂತ ಹತ್ತಿರದ ನಿದರ್ಶನ ಬೇಕಿಲ್ಲ.

ಒಂದೇ ಮೋಡೆಂ, ಒಂದೇ ಲೈನು, ಐದಾರು ಗಣಕ ಎಂಬ ಸ್ಥಿತಿ ಬಂದಾಗ ಹಂಚಿಕೆಯ ಪ್ರಶ್ನೆ ಎದ್ದಿತು. ವಿನ್‌ಗೇಟ್‌ನಂಥ ತಂತ್ರಾಂಶಗಳು ಹಾಗೂ ೧೯೯೯ರ ವಿಂಡೋಸ್ ೯೮ರ ಎರಡನೆಯ ಆವೃತ್ತಿಯಲ್ಲಿ ಸೇರಿಬಂದ ಹಂಚಿಕೆ ಸೌಲಭ್ಯ ಇದಕ್ಕೆ ಪರಿಹಾರವಾದವು. ಮೋಡೆಂ ಇರುವ ಗಣಕವೊಂದು ಬಾಗಿಲಾಗಿ ನಿಂತು, ಒಳಗಿನ ಉಳಿದ ಗಣಕಗಳ ಕೋರಿಕೆಗಳನ್ನು ತನ್ನ ಹೆಸರಿನಲ್ಲಿ ಹೊರಗೆ ಕಳುಹಿಸಿ, ಬಂದ ಉತ್ತರವನ್ನು ಆಯಾ ಗಣಕಕ್ಕೆ ಮುಟ್ಟಿಸುತ್ತದೆ. ಒಳಗಿನ ಗಣಕಗಳಿಗೆ ೧೯೨.೧೬೮ ಎಂದು ಮೊದಲಾಗುವ ಖಾಸಗಿ ವಿಳಾಸ. ಹೊರಗಿನ ಲೋಕಕ್ಕೆ ಕಾಣುವುದು ಒಂದೇ ವಿಳಾಸ. ಇಪಿಎಬಿಎಕ್ಸ್‌ನಲ್ಲಿ ಎಕ್ಸ್‌ಟೆನ್ಷನ್ ಸಂಖ್ಯೆಗಳು ಒಳಗಿನವರಿಗಷ್ಟೇ ಗೊತ್ತಿದ್ದು, ಹೊರಗಿನವರಿಗೆ ಕಚೇರಿಯ ಒಂದೇ ನಂಬರು ತಿಳಿದಿರುವಂತೆ. ಎರಡೂ ವ್ಯವಸ್ಥೆಗಳ ಕಟ್ಟೋಣ ಒಂದೇ ಆಗಿದ್ದುದರಿಂದಲೇ ದೂರವಾಣಿ ಬಲ್ಲ ನೌಕರರಿಗೆ ಜಾಲದ ಕಲ್ಪನೆ ಕಷ್ಟವಾಗಲಿಲ್ಲ.

ಸಾಮ್ಯ ಅಲ್ಲಿಗೇ ನಿಲ್ಲುತ್ತದೆ. ದೂರವಾಣಿಯ ಬಾಗಿಲಲ್ಲಿ ಒಬ್ಬ ಮನುಷ್ಯ ಕೂತಿರುತ್ತಿದ್ದ ಅಥವಾ ಕೂತಿರುತ್ತಿದ್ದಳು. ಭಾರತದ ಸರ್ಕಾರಿ ಕಚೇರಿಗಳಲ್ಲಿಯೂ ಬ್ಯಾಂಕುಗಳಲ್ಲಿಯೂ ದೂರವಾಣಿ ಆಪರೇಟರ್ ಹುದ್ದೆಗೆ ದೃಷ್ಟಿಹೀನರನ್ನು ನೇಮಿಸಿಕೊಳ್ಳುವ ವಾಡಿಕೆಯಿತ್ತು. ನೂರಾರು ಎಕ್ಸ್‌ಟೆನ್ಷನ್‌ಗಳನ್ನು ಬಾಯಿಪಾಠ ಇಟ್ಟುಕೊಂಡು, ಹಲೋ ಎಂಬ ಒಂದು ಮಾತಿನಿಂದಲೇ ಕರೆದವರನ್ನು ಗುರುತಿಸಿ, ಯಾರು ರಜೆಯಲ್ಲಿದ್ದಾರೆ, ಯಾರನ್ನು ಈಗ ಕರೆಯಬಾರದು ಎಂಬುದನ್ನು ಅರಿತು ಲೈನು ಕೊಡುತ್ತಿದ್ದ ಇವರು ಕಚೇರಿಯ ಜೀವಂತ ಡೈರೆಕ್ಟರಿಗಳು. ಮೋಡೆಂ ಇವರ ಕೆಲಸದೊಳಗೆ ತೊಡಕಾಗಿ ಬಂದಿತು. ಗಂಟೆಗಟ್ಟಲೆ ಬಿಡದ ಎಕ್ಸ್‌ಟೆನ್ಷನ್. ಎಸ್‌ಟಿಡಿ ಕರೆ ಬಂದಿದೆಯೆಂದು ತಿಳಿಸಲು ನಡುವೆ ಪ್ರವೇಶಿಸಿದರೆ ಮಾತಿನ ಬದಲು ಕಿವಿಗೆ ರಾಚುವ ಸದ್ದು. ಆ ಪ್ರವೇಶದ ಟೋನಿಗೇ ಸಂಪರ್ಕ ಕಡಿದು, ಮುಕ್ಕಾಲು ಬಂದಿದ್ದ ಕಡತ ಹಾಳಾಗಿ, ಆಚೆ ಕಡೆಯವರ ಕೋಪ. ದೋಷ ಯಾರದೂ ಅಲ್ಲ. ಮಾತಿಗೆಂದು ಇದ್ದ ಶಿಷ್ಟಾಚಾರ ಯಂತ್ರಕ್ಕೆ ಒಗ್ಗಲಿಲ್ಲ. ಮುಂದೆ ನೇರ ಡಯಲಿಂಗ್, ಮುದ್ರಿತ ಧ್ವನಿಯ ಸೂಚನೆ, ಮೊಬೈಲು, ಇ-ಅಂಚೆ ಇವೆಲ್ಲ ಸೇರಿ ಆಪರೇಟರ್ ಕೋಣೆಯನ್ನು ಅನಗತ್ಯವಾಗಿಸಿದವು. ಈ ನೌಕರರ ನೆನಪಿನ ಕ್ರಮ, ದನಿಯ ಗುರುತು, ಅವರು ಒಬ್ಬರಿಗೊಬ್ಬರು ಹೇಳಿಕೊಟ್ಟ ಎಣಿಕೆಯ ಉಪಾಯಗಳು ಮೌಖಿಕ ಪರಂಪರೆಯ ಅಧ್ಯಯನಕ್ಕೆ ಅಮೂಲ್ಯ ಆಕರ. ನಿವೃತ್ತರಾದ ಆಪರೇಟರುಗಳು ನಡುವೆ ಇರುವಾಗಲೇ ಈ ಕ್ಷೇತ್ರಕಾರ್ಯ ನಡೆಯಬೇಕು. ಹೆಳವರ ವಂಶಾವಳಿಯ ನೆನಪನ್ನು ದಾಖಲಿಸಿದ ವಿದ್ವತ್ತಿಗೆ ಇದು ಹೊಸ ವಿಧಾನವನ್ನೇನೂ ಬೇಡುವುದಿಲ್ಲ.

೨೦೦೪ರ ಅಕ್ಟೋಬರಿನ ಬ್ರಾಡ್‌ಬ್ಯಾಂಡ್ ನೀತಿ ೨೫೬ ಕಿಲೋಬಿಟ್‌ಗಳನ್ನು ಕನಿಷ್ಠ ವೇಗವೆಂದು ನಿಗದಿಪಡಿಸಿತು. ೨೦೦೫ರ ಜನವರಿಯಲ್ಲಿ ಭಾರತ ಸಂಚಾರ ನಿಗಮದ ಬ್ರಾಡ್‌ಬ್ಯಾಂಡ್ ಸೇವೆ ಆರಂಭವಾಯಿತು. ತಂತಿ ಅದೇ ತಾಮ್ರದ್ದು. ದನಿಗೆ ಮೀಸಲಾದ ಕಂಪನಗಳನ್ನು ಮುಟ್ಟದೆ, ಅದಕ್ಕೂ ಮೇಲಿನ ಕಂಪನಗಳಲ್ಲಿ ಮಾಹಿತಿ ಹರಿಯುವುದರಿಂದ ಒಂದೇ ಲೈನಿನಲ್ಲಿ ಮಾತೂ ಜಾಲವೂ ಜೊತೆಜೊತೆಗೆ ಸಾಗಬಹುದಾಯಿತು. ಆದರೆ ಆ ಎತ್ತರದ ಕಂಪನಗಳು ಇಪಿಎಬಿಎಕ್ಸ್‌ನ್ನು ದಾಟಲಾರವು. ಆದ್ದರಿಂದ ಎಕ್ಸ್‌ಟೆನ್ಷನ್ನಿನ ತುದಿಯಲ್ಲಿದ್ದ ಮೋಡೆಂ ಈಗ ಇಪಿಎಬಿಎಕ್ಸ್‌ಗೂ ಮುಂದಕ್ಕೆ, ಹೊರಗಿನ ತಂತಿ ಕಟ್ಟಡವನ್ನು ಪ್ರವೇಶಿಸುವ ಜಾಗಕ್ಕೆ ಬಂತು. ಸೊನ್ನೆ ಒತ್ತಿ ಅಪ್ಪಣೆ ಕೇಳುವ ಸ್ಥಾನದಿಂದ ಅಂತರಜಾಲವು ಬಾಗಿಲಿನ ಸ್ಥಾನಕ್ಕೆ ಏರಿತೆನ್ನಬಹುದು. ಹಳೆಯ ಮೋಡೆಂಗಳು, ಆಪರೇಟರ್ ಫಲಕಗಳು ಗುಜರಿ ಅಂಗಡಿ ಸೇರಿದವು. ರಾಮನಗರದ ಜಾನಪದ ಲೋಕದಂಥ ಸಂಗ್ರಹಾಲಯಗಳು ನೇಗಿಲು, ಒರಳು, ಕೊಳಗಗಳನ್ನು ಉಳಿಸಿಕೊಟ್ಟಿವೆ. ಕಚೇರಿಯ ಉಪಕರಣಗಳನ್ನು ಅವುಗಳ ಬಳಕೆಯ ಮಾತುಗಳ ಸಮೇತ ಕೂಡಿಡುವ ಪ್ರಯತ್ನವೂ ನಡೆಯಬೇಕಾಗಿದೆ.

ನಂತರದ ವರ್ಷಗಳಲ್ಲಿ ಸಂಬಂಧ ಪೂರ್ತಿ ತಿರುವುಮುರುವಾಯಿತು. ೧೯೯೯ರಲ್ಲಿ ಮಾರ್ಕ್ ಸ್ಪೆನ್ಸರ್ ರೂಪಿಸಿದ ಆಸ್ಟರಿಸ್ಕ್ ಎಂಬ ಮುಕ್ತ ತಂತ್ರಾಂಶವು ಒಂದು ಸಾಮಾನ್ಯ ಗಣಕವನ್ನೇ ಇಪಿಎಬಿಎಕ್ಸ್ ಆಗಿ ಮಾರ್ಪಡಿಸಬಹುದೆಂದು ತೋರಿಸಿತು. ಒಂದು ಕಾಲಕ್ಕೆ ಅಂತರಜಾಲವು ದೂರವಾಣಿಯ ಮೇಲೆ ಸವಾರಿ ಮಾಡಿತು. ಈಗ ಕಚೇರಿಗಳ ದೂರವಾಣಿಯೇ ಅಂತರಜಾಲದ ತಂತಿಯ ಮೇಲೆ ಚಲಿಸುತ್ತದೆ. ಇಂಥ ವ್ಯವಸ್ಥೆಯಲ್ಲಿ ಹೊರಗಿನ ಕರೆಗೆ ಸೊನ್ನೆಯ ಅಗತ್ಯವಿಲ್ಲದಂತೆ ಏರ್ಪಡಿಸಬಹುದು. ಪೂರ್ತಿ ಸಂಖ್ಯೆಯನ್ನು ಕಂಡೊಡನೆ ಕರೆ ಒಳಗಿನದೋ ಹೊರಗಿನದೋ ಎಂಬುದನ್ನು ಯಂತ್ರವೇ ತಿಳಿದುಕೊಳ್ಳಬಲ್ಲದು. ಆದರೂ ಹೊಸ ಯಂತ್ರವನ್ನು ಅಳವಡಿಸುವಾಗ ಸೊನ್ನೆಯನ್ನು ಉಳಿಸಿಕೊಳ್ಳುವ ಕಚೇರಿಗಳಿವೆ. ನೌಕರರ ಬೆರಳು ಮೊದಲು ಅಲ್ಲಿಗೇ ಹೋಗುತ್ತದೆ.